ಕಣ್ಣು ಕೊಟ್ಟ ಅಣ್ಣ: ನೇತ್ರವೈದ್ಯ ಡಾ. ಎಂ.ಸಿ. ಮೋದಿ ಅವರ ಬದುಕು ಮತ್ತು ನಮ್ಮ ಕರ್ತವ್ಯ

ನವೆಂಬರ್ 11 ನಾಡಿನ ಹಿರಿಯ ನೇತ್ರವೈದ್ಯ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ ಅವರ ಪುಣ್ಯಸ್ಮರಣೆಯ ದಿನ. ಅವರು ನಮ್ಮನ್ನಗಲಿದ್ದು 2005ರಲ್ಲಿ. ಇಂದಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅವರ ಹೆಸರು ಬೆಂಗಳೂರಿನ ಒಂದು ಆಸ್ಪತ್ರೆಯ ಅಥವಾ ಒಂದು ರಸ್ತೆಯ ಹೆಸರಾಗಿ ಮಾತ್ರ ಗೊತ್ತು. ಆದರೆ ಅರುವತ್ತು ದಾಟಿದ ಉತ್ತರ ಕರ್ನಾಟಕದ ಹಿರಿಯರ ಮುಂದೆ ಮೋದಿ ಡಾಕ್ಟರ ಮಾತೆತ್ತಿದರೆ, ತಮ್ಮ ಅಜ್ಜಿಗೋ ಸೋದರಮಾವನಿಗೋ ಊರಿನ ಶಾಲೆಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯಾದ ನೆನಪು ಅವರಲ್ಲಿ ತಾನಾಗಿ ಮೂಡುತ್ತದೆ. ಜನ ಅವರನ್ನು ಪದವಿಯಿಂದ ಕರೆದುದಕ್ಕಿಂತ ಅಣ್ಣ ಎಂದು ಕರೆದದ್ದೇ ಹೆಚ್ಚು. ಕಣ್ಣು ಕೊಟ್ಟ ಅಣ್ಣ ಎಂಬುದು ಯಾವ ಸಂಸ್ಥೆಯೂ ನೀಡಿದ ಬಿರುದಲ್ಲ, ಬೆಳಕು ಕಂಡವರು ತಾವಾಗಿ ಇಟ್ಟ ಹೆಸರು.

ಅವರ ಬದುಕನ್ನು ಸ್ಮರಿಸುವಾಗ ಸಾಮಾನ್ಯವಾಗಿ ಅವರು ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನೇ ಮುಂದಿಡುತ್ತೇವೆ. ಆ ಸಂಖ್ಯೆ ಬೆರಗು ಹುಟ್ಟಿಸುವಂಥದು ನಿಜ. ಆದರೆ ಅದರ ಪಕ್ಕದಲ್ಲಿಯೇ ಇನ್ನೊಂದು ಸಂಖ್ಯೆಯಿದೆ. ಅದನ್ನು ಗಮನಿಸಿದರೆ ಈ ಮಹನೀಯರ ಕಾಯಕದ ನಿಜವಾದ ವಿಸ್ತಾರವೂ, ಅದರಿಂದ ನಾವು ಇಂದು ಕಲಿಯಬೇಕಾದ ಪಾಠವೂ ಸ್ಪಷ್ಟವಾಗುತ್ತವೆ.

ಜನನ ಮತ್ತು ವಿದ್ಯಾಭ್ಯಾಸ

ಮೋದಿ ಅವರು ಜನಿಸಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯ ವ್ಯಾಪಾರಸ್ಥ ಮನೆತನದಲ್ಲಿ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ ಅಂದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಮಳೆ ಕಡಿಮೆ, ಬಿಸಿಲು ಹೆಚ್ಚು, ಧೂಳು ಅದಕ್ಕಿಂತ ಹೆಚ್ಚು ಎಂಬಂಥ ಸೀಮೆ. ಆರಂಭದ ಶಿಕ್ಷಣವನ್ನು ಆಗ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಪಡೆದು, ವೈದ್ಯಶಿಕ್ಷಣಕ್ಕಾಗಿ ಬೆಳಗಾವಿಗೆ ತೆರಳಿದರು. ಅನಂತರ ಮುಂಬಯಿಯಲ್ಲಿ ನೇತ್ರಚಿಕಿತ್ಸೆಯ ವಿಶೇಷ ತರಬೇತಿ ಪಡೆದರು.

ಆ ದಿನಗಳಲ್ಲಿ ಹಳ್ಳಿಗಾಡಿನಲ್ಲಿ ಕಣ್ಣು ಮಸುಕಾದವರ ಪಾಡು ಹೇಳತೀರದು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಮಂಜಾಗುವುದನ್ನು ಪೊರೆ ಎನ್ನುತ್ತೇವೆ. ನಮ್ಮ ಭಾಗದಲ್ಲಿ ಮೋತಿಬಿಂದು ಎಂದೂ ಕರೆಯುವುದುಂಟು. ಪೊರೆ ಬಂದವರು ಅದನ್ನು ಮುಪ್ಪಿನ ಸಹಜ ಫಲವೆಂದೋ, ಹಿಂದಿನ ಕರ್ಮವೆಂದೋ ಒಪ್ಪಿಕೊಂಡು ಮನೆಯ ಮೂಲೆ ಹಿಡಿಯುತ್ತಿದ್ದರು. ಊರೂರು ತಿರುಗುವ ಕೆಲವರು ಸೂಜಿಯಂಥ ಸಲಕರಣೆಯಿಂದ ಆ ಮಸೂರವನ್ನು ಕಣ್ಣಿನ ಒಳಕ್ಕೆ ತಳ್ಳಿಬಿಡುತ್ತಿದ್ದರು. ಆ ಕ್ಷಣಕ್ಕೆ ಬೆಳಕು ಕಂಡರೂ ಕೆಲವು ದಿನಗಳಲ್ಲಿ ಕೀವು ತುಂಬಿ ಇದ್ದ ಕಣ್ಣೂ ಹೋಗುತ್ತಿದ್ದುದು ಅಪರೂಪವಲ್ಲ. ಬೆಂಗಳೂರಿನ ಮಿಂಟೋ ಆಸ್ಪತ್ರೆಯಂಥ ಸಂಸ್ಥೆಗಳು ಇದ್ದವು. ಆದರೆ ಬೀಳಗಿಯ ಒಕ್ಕಲಿಗನಿಗೆ ಬೆಂಗಳೂರು ಬಲು ದೂರ. ಕಣ್ಣು ಕಾಣದವರು ಒಬ್ಬರೇ ಹೋಗಲಾರರು. ಜೊತೆಗೆ ಬರುವವರು ಹೊಲದ ಕೆಲಸ ಬಿಟ್ಟು ಬರಲಾರರು.

ಸಂಚಾರಿ ನೇತ್ರಶಿಬಿರಗಳ ಆರಂಭ

1942ರಲ್ಲಿ ಮುಂಬಯಿಯಲ್ಲಿ ಚಲೇಜಾವ್ ಚಳವಳಿಯ ಕಹಳೆ ಮೊಳಗಿದಾಗ ಮೋದಿ ಅವರು ಇಪ್ಪತ್ತೈದು ತುಂಬಿದ ತರುಣರು. ಮಹಾತ್ಮ ಗಾಂಧೀಜಿಯವರ ಮಾತು ಅವರ ಮನಸ್ಸನ್ನು ತಟ್ಟಿತು. ದೇಶಸೇವೆಗೆ ಪ್ರತಿಯೊಬ್ಬರಿಗೂ ತಮ್ಮದೇ ಆದ ದಾರಿಯಿರುತ್ತದೆ. ಮೋದಿ ಅವರು ಆರಿಸಿಕೊಂಡ ದಾರಿ ಹಳ್ಳಿಯ ಕಡೆಗೆ ಹೋಗುವುದು. ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕೆಂಬ ಸರಳ ನಿರ್ಧಾರದೊಂದಿಗೆ 1943ರಿಂದ ಅವರು ಉಚಿತ ನೇತ್ರಶಿಬಿರಗಳನ್ನು ಆರಂಭಿಸಿದರು. ಮುಂದಿನ ಐದು ದಶಕಗಳ ಕಾಲ ಆ ಯಾತ್ರೆ ನಿಲ್ಲಲಿಲ್ಲ.

ಶಿಬಿರಗಳು ನಡೆಯುತ್ತಿದ್ದ ಬಗೆ ಹೀಗಿತ್ತು. ಊರಿನ ಪ್ರಮುಖರು, ದಾನಿಗಳು, ಸೇವಾಸಂಸ್ಥೆಗಳವರು ಒಂದುಗೂಡಿ ಶಾಲೆಯನ್ನೋ ಛತ್ರವನ್ನೋ ಅಣಿಗೊಳಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಮುಟ್ಟುತ್ತಿತ್ತು. ಎತ್ತಿನ ಗಾಡಿಗಳಲ್ಲಿ, ಮೊಮ್ಮಕ್ಕಳ ಕೈಹಿಡಿದು ಕಾಲ್ನಡಿಗೆಯಲ್ಲಿ ಜನ ಬಂದು ಸೇರುತ್ತಿದ್ದರು. ಮೊದಲು ಎಲ್ಲರ ಕಣ್ಣಿನ ತಪಾಸಣೆ. ಅವರಲ್ಲಿ ಔಷಧಿಯಿಂದ ಗುಣವಾಗುವವರು ಯಾರು, ಕನ್ನಡಕ ಸಾಕಾದವರು ಯಾರು, ಶಸ್ತ್ರಚಿಕಿತ್ಸೆ ಬೇಕಾದವರು ಯಾರು ಎಂದು ವಿಂಗಡಿಸಬೇಕಿತ್ತು. ಅನಂತರ ಸಾಲಾಗಿ ಜೋಡಿಸಿದ ಮೇಜುಗಳ ಮೇಲೆ ಶಸ್ತ್ರಚಿಕಿತ್ಸೆ. ಒಂದು ಮೇಜಿನಲ್ಲಿ ಚಿಕಿತ್ಸೆ ಮುಗಿಯುವಷ್ಟರಲ್ಲಿ ಸಹಾಯಕರು ಮುಂದಿನ ಮೇಜಿನ ರೋಗಿಯನ್ನು ಸಿದ್ಧಗೊಳಿಸಿರುತ್ತಿದ್ದರು. ವೈದ್ಯರು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದರು.

ಅಂದಿನ ವಿಧಾನದಲ್ಲಿ ಮಂಜಾದ ಮಸೂರವನ್ನು ತೆಗೆದುಹಾಕಲಾಗುತ್ತಿತ್ತೇ ಹೊರತು ಅದರ ಸ್ಥಾನದಲ್ಲಿ ಬೇರೊಂದನ್ನು ಇಡುವ ರೂಢಿ ಇರಲಿಲ್ಲ. ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕೃತಕ ಮಸೂರವನ್ನು ಮೊದಲ ಬಾರಿಗೆ ಅಳವಡಿಸಿದ್ದು 1949ರಲ್ಲಿ. ಅದು ನಮ್ಮ ಹಳ್ಳಿಗಳವರೆಗೆ ತಲಪಲು ದಶಕಗಳೇ ಬೇಕಾದವು. ಆದುದರಿಂದ ಶಸ್ತ್ರಚಿಕಿತ್ಸೆಯಾದವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೆಲವು ದಿನ ಅಲುಗಾಡದೆ ಮಲಗಿರಬೇಕಿತ್ತು. ಬಳಿಕ ಜೀವನಪೂರ್ತಿ ಸೋಡಾಬುಡ್ಡಿಯ ತಳದಂಥ ದಪ್ಪ ಕನ್ನಡಕ ಧರಿಸಬೇಕಿತ್ತು. ನಮ್ಮ ಹಿರಿಯರ ಹಳೆಯ ಭಾವಚಿತ್ರಗಳಲ್ಲಿ ಕಾಣುವ ಆ ದಪ್ಪ ಗಾಜುಗಳ ಹಿಂದಿನ ಕಥೆ ಇದು.

ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಉಣಿಸುವವರು, ನೀರು ಕೊಡುವವರು, ಕೈಹಿಡಿದು ಹೊರಗೆ ಕರೆದೊಯ್ಯುವವರು ಬೇಕಲ್ಲವೇ? ಆ ಹೊಣೆಯನ್ನು ಊರಿನವರು ಹೊತ್ತರು. ಶರಣ ಪರಂಪರೆಯಲ್ಲಿ ಕಾಯಕ, ದಾಸೋಹಗಳೆಂದು ನಾವು ಯಾವುದನ್ನು ಹೇಳುತ್ತ ಬಂದಿದ್ದೇವೆಯೋ ಅವೆರಡೂ ಆ ಶಿಬಿರಗಳಲ್ಲಿ ಒಂದೇ ಚಾವಣಿಯ ಕೆಳಗೆ ಕೂಡಿದ್ದವು. ವೈದ್ಯರದು ಕಾಯಕವಾದರೆ ಊರಿನದು ದಾಸೋಹ.

ಎರಡು ಸಂಖ್ಯೆಗಳು

1968ರಲ್ಲಿ ತಿರುಪತಿಯಲ್ಲಿ ನಡೆದ ಶಿಬಿರದಲ್ಲಿ ಮೋದಿ ಅವರು ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ಅದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಸ್ಥಾನ ಪಡೆಯಿತು. ಇಡೀ 24 ಗಂಟೆ ಬಿಡುವಿಲ್ಲದೆ ದುಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ಪೂರ್ತಿ ದೊರೆಯದಂಥ ಲೆಕ್ಕವದು. ಭಾರತ ಸರಕಾರವು 1956ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನೂ 1968ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನೂ ನೀಡಿ ಗೌರವಿಸಿತು.

1993ರ ಸುಮಾರಿನಲ್ಲಿ ಅದೇ ಗಿನ್ನೆಸ್ ಪುಸ್ತಕ ಅವರ ಐವತ್ತು ವರುಷಗಳ ಸೇವೆಯ ಒಟ್ಟು ಲೆಕ್ಕವನ್ನು ದಾಖಲಿಸಿತು. ಅವರು ಸಂದರ್ಶಿಸಿದ ಹಳ್ಳಿಗಳು 46 ಸಾವಿರಕ್ಕೂ ಮಿಕ್ಕು. ನಡೆಸಿದ ಶಸ್ತ್ರಚಿಕಿತ್ಸೆಗಳು 6 ಲಕ್ಷದ ಆಸುಪಾಸು. ಅವರು ಕಂಡ ರೋಗಿಗಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು.

ಓದುಗರು ಕೊನೆಯ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ವಿನಂತಿ. ಅವರು ಕಂಡ ಪ್ರತಿ ಇಪ್ಪತ್ತು ಜನರಲ್ಲಿ ಶಸ್ತ್ರಚಿಕಿತ್ಸೆ ನಡೆದದ್ದು ಸುಮಾರು ಒಬ್ಬರಿಗೆ. ಉಳಿದ ಹತ್ತೊಂಬತ್ತು ಮಂದಿಗೆ ಅವರು ಮಾಡಿದ್ದೇನು? ಕಣ್ಣನ್ನು ಪರೀಕ್ಷಿಸಿದರು. ಕಣ್ಣಿಗೆ ಏನಾಗಿದೆ, ಏನಾಗಿಲ್ಲ ಎಂಬುದನ್ನು ತಿಳಿಯುವ ಕೆಲಸವದು. ಶಸ್ತ್ರಚಿಕಿತ್ಸಕರೆಂದೇ ಜಗತ್ತು ಕೊಂಡಾಡಿದ ಮಹನೀಯರ ಆಯುಷ್ಯದ ಬಹುಪಾಲು ರೋಗಿಗಳಿಗೆ ಸಂದದ್ದು ಕತ್ತರಿ ಹಿಡಿದ ಕೈಯ ಸೇವೆಗಿಂತ ಪರೀಕ್ಷಿಸುವ ಕಣ್ಣಿನ ಸೇವೆ. ಹೆಸರು ತಂದದ್ದು ಇಪ್ಪತ್ತನೆಯವರ ಚಿಕಿತ್ಸೆ. ಅದಕ್ಕೆ ಬುನಾದಿಯಾದದ್ದು ಇಪ್ಪತ್ತೂ ಜನರ ತಪಾಸಣೆ.

ಬೆಂಗಳೂರಿನ ಆಸ್ಪತ್ರೆ ಮತ್ತು ಬದಲಾದ ಕಾಲ

ಮುಂದೆ ಮೋದಿ ಅವರು ಬೆಂಗಳೂರಿನಲ್ಲಿ ನೇತ್ರಾಸ್ಪತ್ರೆಯನ್ನು ಕಟ್ಟಿದರು. ಮಹಾಲಕ್ಷ್ಮೀಪುರದ ಬಳಿಯ ಆ ಆಸ್ಪತ್ರೆಯೂ, ಅದರ ಮುಂದಿನ ರಸ್ತೆಯೂ ಇಂದಿಗೂ ಅವರ ಹೆಸರನ್ನೇ ಹೊತ್ತಿವೆ. ಅಷ್ಟರಲ್ಲಿ ಸರಕಾರದ ದೃಷ್ಟಿಯೂ ಇತ್ತ ಹರಿದಿತ್ತು. 1976ರಲ್ಲಿ ಕೇಂದ್ರ ಸರಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕ್ರಮೇಣ ಶಾಲೆ, ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ಪದ್ಧತಿ ಹಿಂದೆ ಸರಿಯಿತು. ಸೋಂಕಿನ ಭಯವಿಲ್ಲದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಅದು ನಡೆಯಬೇಕೆಂಬ ನಿಯಮ ಬಂದದ್ದು ಯೋಗ್ಯವೇ ಆಗಿದೆ. ಈಗ ಹಳ್ಳಿಯಲ್ಲಿ ನಡೆಯುವುದು ತಪಾಸಣಾ ಶಿಬಿರ. ಪೊರೆ ಕಂಡುಬಂದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಕೃತಕ ಮಸೂರ ಅಳವಡಿಸಿ ಮರಳಿ ತಂದು ಬಿಡುತ್ತಾರೆ. ಅನೇಕರು ಅದೇ ದಿನ ಮನೆಗೆ ಹಿಂದಿರುಗುವುದೂ ಉಂಟು. ಮೋದಿ ಅವರ ಪದ್ಧತಿಯ ಒಂದು ಭಾಗ ಇತಿಹಾಸ ಸೇರಿತು. ಊರಿಗೇ ಹೋಗಿ ಎಲ್ಲರ ಕಣ್ಣು ನೋಡುವ ಭಾಗ ಮಾತ್ರ ಹಾಗೆಯೇ ಉಳಿಯಿತು.

2005ರ ನವೆಂಬರ್ 11ರಂದು, ತಮ್ಮ 89ನೆಯ ವಯಸ್ಸಿನಲ್ಲಿ ಮೋದಿ ಅವರು ಲಿಂಗೈಕ್ಯರಾದರು.

ಪೊರೆ ಕಾಯುತ್ತದೆ, ಕೆಲವು ರೋಗಗಳು ಕಾಯುವುದಿಲ್ಲ

ಇಷ್ಟು ಚರಿತ್ರೆಯನ್ನು ನಿವೇದಿಸಿಕೊಂಡ ಮೇಲೆ ಸದ್ಭಕ್ತರ ಮುಂದೆ ಒಂದು ಮಾತನ್ನು ಇಡುವುದು ಅವಶ್ಯವೆನಿಸುತ್ತದೆ. ಪೊರೆ ಒಂದು ಅರ್ಥದಲ್ಲಿ ಕರುಣಾಳು ರೋಗ. ಬಹುತೇಕ ತಡವಾಗಿ ಬಂದರೂ ಅದನ್ನು ತೆಗೆದರೆ ಬೆಳಕು ಮರಳುತ್ತದೆ. ಮೋದಿ ಅವರ ಶಿಬಿರಗಳಿಗೆ ವರುಷಗಟ್ಟಲೆ ಕತ್ತಲೆಯಲ್ಲಿದ್ದವರು ಬಂದು, ಮತ್ತೆ ಮಕ್ಕಳ ಮುಖ ಕಂಡದ್ದು ಈ ಕಾರಣದಿಂದಲೇ. ಆದರೆ ಕಣ್ಣಿನ ಎಲ್ಲ ರೋಗಗಳೂ ಹೀಗೆ ಕಾಯುವುದಿಲ್ಲ. ಎಷ್ಟು ನಿಪುಣ ವೈದ್ಯರ ಮುಂದೆ ಕುಳಿತರೂ ಕಳೆದ ದೃಷ್ಟಿ ಮರಳದ ರೋಗಗಳಿವೆ.

ಅವುಗಳಲ್ಲಿ ಮೊದಲನೆಯದು ಗ್ಲಾಕೋಮಾ. ಕಣ್ಣಿನೊಳಗೆ ಸದಾ ಒಂದು ದ್ರವ ಉತ್ಪತ್ತಿಯಾಗಿ ಹೊರಗೆ ಹರಿದುಹೋಗುತ್ತಿರುತ್ತದೆ. ಹೊರಹರಿವು ಕುಂಠಿತವಾದಾಗ ಒಳಗಿನ ಒತ್ತಡ ಏರಿ, ಕಣ್ಣಿನಿಂದ ಮೆದುಳಿಗೆ ಸಂದೇಶ ಒಯ್ಯುವ ನರ ಸವೆಯತೊಡಗುತ್ತದೆ. ಒತ್ತಡ ಹೆಚ್ಚಿರದಿದ್ದರೂ ಈ ನರ ಹಾಳಾಗುವ ಬಗೆಯೂ ಉಂಟು. ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ನಷ್ಟವಾಗುವುದು ಅಂಚಿನ ನೋಟ. ನೇರ ನೋಟ ಕೊನೆಯವರೆಗೆ ಉಳಿದಿರುತ್ತದೆ. ಆದುದರಿಂದ ಪತ್ರಿಕೆ ಓದಬಲ್ಲವರು, ಸೂಜಿಗೆ ದಾರ ಪೋಣಿಸಬಲ್ಲವರು ಸಹ ತಮ್ಮ ನರದ ಬಹುಭಾಗವನ್ನು ಕಳೆದುಕೊಂಡಿರಬಹುದು. ಸವೆದ ನರವನ್ನು ಮರಳಿ ತರುವ ಚಿಕಿತ್ಸೆ ಇಂದಿಗೂ ಇಲ್ಲ. ಬೇಗ ಪತ್ತೆಯಾದರೆ ಮಾತ್ರ ಹನಿ ಔಷಧಿ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಉಳಿದುದನ್ನು ಕಾಪಾಡಿಕೊಳ್ಳಬಹುದು.

ಎರಡನೆಯದು ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ, ಅಂದರೆ ಅಕ್ಷಿಪಟಲಕ್ಕೆ ಆಗುವ ಹಾನಿ. ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಸೋರಿ, ಕಾಲಾಂತರದಲ್ಲಿ ರಕ್ತಸ್ರಾವವಾಗಿ ದೃಷ್ಟಿ ಹೋಗುತ್ತದೆ. ಆರಂಭದಲ್ಲಿ ಇದಕ್ಕೂ ಯಾವ ಲಕ್ಷಣವಿಲ್ಲ. ಮೂರನೆಯದು ಮಕ್ಕಳಿಗೆ ಸಂಬಂಧಿಸಿದ್ದು. ಒಂದು ಕಣ್ಣಿನ ನೋಟ ಇನ್ನೊಂದಕ್ಕಿಂತ ಬಹಳ ಮಂದವಾಗಿದ್ದರೆ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಮಗುವಿಗೆ ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಅದು ದೂರುವುದಿಲ್ಲ, ಹೆತ್ತವರಿಗೂ ತಿಳಿಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಕಂಡುಹಿಡಿದರೆ ಸರಿಪಡಿಸುವುದು ಸುಲಭ. ವಯಸ್ಸು ಮೀರಿದಷ್ಟೂ ಕಷ್ಟ.

ಈ ಮೂರಕ್ಕೂ ಸಮಾನವಾದ ಅಂಶವೆಂದರೆ ರೋಗಿಗೆ ತಾನು ರೋಗಿಯೆಂದು ಗೊತ್ತಿರುವುದಿಲ್ಲ. ತಾನಾಗಿ ವೈದ್ಯರಲ್ಲಿಗೆ ಹೋಗಲು ಕಾರಣವೇ ಇರುವುದಿಲ್ಲ. ಅವನನ್ನು ಉಳಿಸಬಲ್ಲದ್ದು ನಿಯತವಾದ ಸಮಗ್ರ ನೇತ್ರ ತಪಾಸಣೆಯೊಂದೇ. ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ವರದಿಯಲ್ಲಿ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆಯೆಂದೂ, ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆ ತಡೆಯಬಹುದಾಗಿದ್ದ ಅಥವಾ ಇನ್ನೂ ಪರಿಹರಿಸದೆ ಉಳಿದಿರುವಂಥದೆಂದೂ ತಿಳಿಸಿದೆ.

ನಮ್ಮ ದೇಶಪಾಂಡೆ ನಗರದ ಮಾತು

ಮೋದಿ ಅವರು 46 ಸಾವಿರ ಹಳ್ಳಿಗಳಿಗೆ ಹೋದದ್ದು ಅಲ್ಲಿನ ಜನ ಆಸ್ಪತ್ರೆಗೆ ಬರಲಾಗದ ಕಾರಣಕ್ಕೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ವಾಸಿಸುವ ನಮಗೆ ಅಂಥ ಅಡಚಣೆಯೇನಿದೆ? ವಿದ್ಯಾನಗರದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ನಾವೆಲ್ಲರೂ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸಂಸ್ಥೆ, ಆಟೋರಿಕ್ಷಾದಲ್ಲಿ ಹೋಗುವಷ್ಟು ಸಮೀಪ. ನೇತ್ರಚಿಕಿತ್ಸೆಗೆ ಸುತ್ತಲಿನ ಜಿಲ್ಲೆಗಳವರು ಹುಬ್ಬಳ್ಳಿಗೇ ಬರುತ್ತಾರೆ. ಆದರೂ ನಮ್ಮಲ್ಲಿ ಎಷ್ಟು ಜನ ಕಳೆದ ಎರಡು ವರುಷಗಳಲ್ಲಿ ಕಣ್ಣಿನ ಪೂರ್ಣ ಪರೀಕ್ಷೆ ಮಾಡಿಸಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಸಮಾಧಾನಕರವಾಗಿರಲಾರದು.

ನಲವತ್ತು ದಾಟಿದಾಗ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಚಾಳೀಸು ಬಂತು ಎನ್ನುತ್ತೇವೆ. ಆ ಪದದಲ್ಲಿಯೇ ನಲವತ್ತರ ಲೆಕ್ಕವಿದೆ. ಆಗ ನಾವು ಮಾಡುವುದೇನು? ರಸ್ತೆಬದಿಯಲ್ಲಿ ಸಿದ್ಧವಾಗಿ ಸಿಗುವ ಚಷ್ಮಾಗಳನ್ನು ಒಂದೊಂದಾಗಿ ಹಾಕಿ ನೋಡಿ, ಅಕ್ಷರ ಸ್ಪಷ್ಟವಾದದ್ದನ್ನು ಕೊಂಡು ಮನೆಗೆ ಬರುತ್ತೇವೆ. ಅಕ್ಷರ ಕಂಡಿತು, ಕಣ್ಣು ಚೆನ್ನಾಗಿದೆ ಎಂಬ ಭ್ರಮೆ ಆವರಿಸುತ್ತದೆ. ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿಕೊಂಡವರೂ ಅದನ್ನೇ ತಪಾಸಣೆ ಎಂದುಕೊಳ್ಳುತ್ತಾರೆ. ನಂಬರು ತಿಳಿಯುವುದು ಸಮಗ್ರ ತಪಾಸಣೆಯ ಒಂದು ಅಂಗ ಮಾತ್ರ.

ಸವಾಯಿ ಗಂಧರ್ವ ಸಭಾಗೃಹದ ಸಂಗೀತ ಕಾರ್ಯಕ್ರಮಗಳಿಗೆ ಬರುವ ಹಿರಿಯರಲ್ಲಿ ಕೆಲವರು ದೀಪ ಮಂದವಾದೊಡನೆ ಮೆಟ್ಟಿಲು ಕಾಣದೆ ತಡವರಿಸುವುದನ್ನು ಎಲ್ಲರೂ ಬಲ್ಲೆವು. ಎದುರಿನ ವಾಹನದ ಬೆಳಕು ಕಣ್ಣು ಕೋರೈಸುತ್ತದೆಂದು ರಾತ್ರಿ ಸ್ಕೂಟರ್ ಓಡಿಸುವುದನ್ನು ಬಿಟ್ಟವರೂ ಇದ್ದಾರೆ. ವಯಸ್ಸಾಯಿತು ಎಂಬ ಒಂದೇ ಮಾತಿನಲ್ಲಿ ಇದೆಲ್ಲವನ್ನೂ ಮುಗಿಸಿಬಿಡುತ್ತೇವೆ. ಬೀಳಗಿಯ ಸೀಮೆಯಲ್ಲಿ ನೂರು ವರುಷಗಳ ಹಿಂದೆ ಜನ ಹೇಳಿಕೊಳ್ಳುತ್ತಿದ್ದ ಸಮಾಧಾನವೂ ಇದೇ ಅಲ್ಲವೇ? ಅವರಿಗೆ ಬೇರೆ ದಾರಿಯಿರಲಿಲ್ಲ, ನಮಗಿದೆ.

ಸಮಗ್ರ ತಪಾಸಣೆ ಎಂದರೇನು

ಈ ಪರೀಕ್ಷೆಯಲ್ಲಿ ನೋವಿಲ್ಲ. ಆರು ಮೀಟರ್ ಅಂತರದ ಅಕ್ಷರಫಲಕವನ್ನು ಒಂದೊಂದು ಕಣ್ಣಿನಿಂದ ಓದಿಸುತ್ತಾರೆ. ಹತ್ತಿರದ ನೋಟವನ್ನೂ ನೋಡುತ್ತಾರೆ. ಕನ್ನಡಕ ಬೇಕಿದ್ದರೆ ಅದರ ಅಳತೆ ಗೊತ್ತುಮಾಡುತ್ತಾರೆ. ಬೆಳಕಿನ ಸೂಕ್ಷ್ಮದರ್ಶಕದ ಮುಂದೆ ಗದ್ದವನ್ನು ಊರಿಸಿ ಕುಳ್ಳಿರಿಸಿ ಕಣ್ಣಿನ ಮುಂಭಾಗವನ್ನೂ ಮಸೂರವನ್ನೂ ಪರಿಶೀಲಿಸುತ್ತಾರೆ. ಕಣ್ಣಿನೊಳಗಿನ ಒತ್ತಡವನ್ನು ಅಳೆಯುತ್ತಾರೆ. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ ಇರಬೇಕು. ಕೊನೆಗೆ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ, ಹಿಂಬದಿಯ ಅಕ್ಷಿಪಟಲವನ್ನೂ ನರದ ತುದಿಯನ್ನೂ ನೋಡುತ್ತಾರೆ. ಗ್ಲಾಕೋಮಾ ಮತ್ತು ಸಕ್ಕರೆ ಕಾಯಿಲೆಯ ಹಾನಿ ಸಿಕ್ಕಿಬೀಳುವುದು ಈ ಕೊನೆಯ ಹಂತದಲ್ಲಿಯೇ. ಹನಿಯ ಪ್ರಭಾವ ಕೆಲವು ಗಂಟೆ ಇರುವುದರಿಂದ ಅಂದು ತಾವೇ ವಾಹನ ಓಡಿಸದೆ, ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು.

ಮಕ್ಕಳಿಗೆ ಶಾಲೆ ಸೇರುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಬೇಕು. ನಲವತ್ತು ದಾಟಿದವರು ಎರಡು ವರುಷಕ್ಕೊಮ್ಮೆ, ಅರುವತ್ತು ದಾಟಿದವರು ವರುಷಕ್ಕೊಮ್ಮೆ ಮಾಡಿಸಿಕೊಳ್ಳುವುದು ಉತ್ತಮ. ಸಕ್ಕರೆ ಕಾಯಿಲೆಯವರಿಗೆ, ಕಣ್ಣು ಎಷ್ಟೇ ಚೆನ್ನಾಗಿ ಕಾಣುತ್ತಿದ್ದರೂ, ವರುಷಕ್ಕೊಮ್ಮೆ ಪಾಪೆ ಹಿಗ್ಗಿಸಿದ ಪರೀಕ್ಷೆ ತಪ್ಪಬಾರದು. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇದ್ದರೆ ಅಂಥವರು ನಲವತ್ತರವರೆಗೂ ಕಾಯದೆ ವೈದ್ಯರ ಸಲಹೆ ಪಡೆಯಬೇಕು. ಕಣ್ಣು ಕೆಂಪಾದಾಗ ಎಲೆಯ ರಸ, ಹರಳೆಣ್ಣೆ ಮುಂತಾದವನ್ನು ಹಾಕುವುದನ್ನೂ, ಯಾರಿಗೋ ಕೊಟ್ಟ ಹನಿ ಔಷಧಿಯನ್ನು ತಾವಾಗಿ ಹಾಕಿಕೊಳ್ಳುವುದನ್ನೂ ಸಂಪೂರ್ಣವಾಗಿ ಬಿಡಬೇಕು. ಕೆಲವು ಹನಿಗಳಲ್ಲಿರುವ ಸ್ಟಿರಾಯ್ಡ್ ಅಂಶವನ್ನು ದೀರ್ಘಕಾಲ ಬಳಸಿದರೆ ಅದರಿಂದಲೇ ಗ್ಲಾಕೋಮಾ ಬರಬಹುದು.

ಸ್ಮರಣೆಯ ಸಾರ್ಥಕತೆ

ಮಹನೀಯರ ಪುಣ್ಯದಿನದಂದು ಭಾವಚಿತ್ರಕ್ಕೆ ಮಾಲೆ ಹಾಕುವುದು ನಮ್ಮ ಸಂಪ್ರದಾಯ. ಅದು ತಪ್ಪಲ್ಲ. ಆದರೆ ಒಂದು ಕೋಟಿಗೂ ಹೆಚ್ಚು ಜನರ ಕಣ್ಣನ್ನು ತಾವೇ ಅವರಿದ್ದಲ್ಲಿಗೆ ಹೋಗಿ ನೋಡಿದವರ ಸ್ಮರಣೆಯನ್ನು, ನಮ್ಮ ಕಣ್ಣನ್ನು ವೈದ್ಯರಿಗೆ ಒಮ್ಮೆಯೂ ತೋರಿಸದೆ ಆಚರಿಸಿದರೆ ಅದು ಅಪೂರ್ಣವೇ ಸರಿ. ಮನೆಯ ಹಿರಿಯರು ಕೇಳಲಾರರು. ಖರ್ಚಾದೀತೆಂದೋ, ಮಕ್ಕಳಿಗೆ ತೊಂದರೆಯಾದೀತೆಂದೋ ಸುಮ್ಮನಿರುತ್ತಾರೆ. ಎಳೆಯ ಮಕ್ಕಳಿಗೆ ಕೇಳಲು ಬಾರದು. ಆದುದರಿಂದ ನಡುವಯಸ್ಸಿನವರಾದ ನಾವು ಈ ಹೊಣೆ ಹೊರಬೇಕು. ಈ ನವೆಂಬರ್ ತಿಂಗಳಲ್ಲಿ ಪ್ರತಿಯೊಂದು ಮನೆಯವರೂ ಒಬ್ಬ ಹಿರಿಯರನ್ನು, ಒಂದು ಮಗುವನ್ನು ನೇತ್ರವೈದ್ಯರ ಬಳಿಗೆ ಕರೆದೊಯ್ಯಲಿ. ಹೋದವರು ತಮ್ಮ ಕಣ್ಣನ್ನೂ ತೋರಿಸಿಕೊಂಡು ಬರಲಿ.

ಅಣ್ಣನವರು ಹಳ್ಳಿ ಹಳ್ಳಿಗೆ ನಡೆದರು. ನಾವು ನಡೆಯಬೇಕಾದದ್ದು ನಮ್ಮ ಬಡಾವಣೆಯಿಂದ ಆಸ್ಪತ್ರೆಯವರೆಗೆ ಮಾತ್ರ. ಅಷ್ಟು ದೂರವನ್ನು ನಡೆಯೋಣ.



ಕಾರ್ಯದರ್ಶಿಗಳು, ಶ್ರೀಮಠ
ದೇಶಪಾಂಡೆ ನಗರ, ಹುಬ್ಬಳ್ಳಿ